ನೀಲಿ ಮುಚ್ಚಳಕ್ಕೆ ಬೀಗವಿರಲಿಲ್ಲ

ಹಾಲಿಸ್ ಬರ್ಕೆಟ್‌ನ ಮನೆಬಸ್ಸಿನಲ್ಲಿ ಬೀಗವಿಲ್ಲದ ಬಾಯಿ ಒಂದೇ ಒಂದು. ಬಾಗಿಲಿಗೆ ಎರಡು ಬೀಗ, ಡೀಸೆಲ್ ಮುಚ್ಚಳಕ್ಕೆ ಒಂದು, ಬಸ್ಸಿನ ಹೊಟ್ಟೆಯ ಕೆಳಗಿನ ಸಾಮಾನು ಗೂಡುಗಳಿಗೆ ಒಂದೊಂದು. ಹೊರಗೆ ಹಾಕಿಕೊಂಡು ಕೂರುವ ಮಡಿಸುವ ಕುರ್ಚಿಗೂ ಸರಪಳಿ ಬಿಗಿದಿದ್ದ. ಯೂರಿಯಾ ನೀರು ಹುಯ್ಯುವ ನೀಲಿ ಮುಚ್ಚಳಕ್ಕೆ ಮಾತ್ರ ಯಾವ ಬೀಗವೂ ಕೂರಲಿಲ್ಲ. ದಿನವೂ ಎದ್ದ ಕೂಡಲೇ ಬಗ್ಗಿ ಅದನ್ನು ಮುಟ್ಟಿ ನೋಡಿ, ಆಮೇಲೆ ನಮ್ಮ ಕಡೆಯೆಲ್ಲ ಒಂದು ಸುತ್ತು ಕಣ್ಣು ಹಾಯಿಸುತ್ತಿದ್ದ. ನಾನು ನನ್ನ ಪುಟ್ಟ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ.

ಈ ಸ್ವಭಾವ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ, ವಯೋಮಿಂಗ್ ಕಡೆ, ಹಿಮ ಬೀಳುವಾಗ ರಸ್ತೆ ಬದಿ ನಿಲ್ಲಿಸಿ ಮಲಗಿದ್ದಾನೆ. ಯಾರೋ ಪೈಪು ಇಳಿಸಿ ಡೀಸೆಲನ್ನೆಲ್ಲ ಹೀರಿಕೊಂಡು ಹೋದರು. ಇಂಜಿನ್ ಇಲ್ಲ, ಹೀಟರ್ ಇಲ್ಲ. ಆ ಚಳಿಯಲ್ಲಿ ಎಡಗಾಲಿನ ಎರಡು ಬೆರಳು ಹೋದವು. ಅಲ್ಲಿಂದ ಶುರುವಾದವು ಬೀಗಗಳು. ಅವನ ಹೆಂಡತಿ ವರ್ನಾ ನನ್ನ ಗೆಳತಿ. "ನನ್ನ ಮದುವೆ ಅದಕ್ಕೂ ಮುಂಚೆ ಆಗಿತ್ತಲ್ಲ, ಬದುಕಿಕೊಂಡೆ ಕಣೇ ಐಡಾ" ಎಂದು ನಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಗಿಸುವವರಿಲ್ಲದೆ ಬೀಗಗಳು ಹೆಚ್ಚಾದವು.

ನಮ್ಮ ಬಿಡಾರ ಅರಿಜೋನಾದ ಬಯಲಿನಲ್ಲಿದೆ. ಬಡಗಣ ಊರುಗಳಲ್ಲಿ ಹಿಮ ಬೀಳುವ ಹೊತ್ತಿಗೆ ಬಸ್ಸುಗಳು ಬಂದು ಕಲ್ಲು ಮರಳಿನ ನೆಲದ ಮೇಲೆ ಸಾಲಾಗಿ ನಿಲ್ಲುತ್ತವೆ, ಬಿಸಿಲು ಸುಡತೊಡಗಿದರೆ ಹೊರಟು ಹೋಗುತ್ತವೆ. ನಲ್ಲಿ ಇಲ್ಲ, ಕರೆಂಟು ಇಲ್ಲ. ಗೇಟಿನ ತೊಟ್ಟಿಯಿಂದ ಕ್ಯಾನುಗಳಲ್ಲಿ ನೀರು ಹೊತ್ತು ತರಬೇಕು. ಆ ನೀರೋ, ಸುಣ್ಣದಂತೆ ಗಡಸು.

ಹೊಸ ಡೀಸೆಲ್ ಬಸ್ಸುಗಳ ಹೊಗೆ ಶುದ್ಧವಾಗಲು ಈ ಯೂರಿಯಾ ನೀರು ಬೇಕೇ ಬೇಕು. ನೋಡಲು ಕುಡಿಯುವ ನೀರಿನ ಹಾಗೇ ತಿಳಿ. ಶೆಖೆ ತಗಲಿದರೆ ಕೆಡುತ್ತದೆ, ಬೇರೆ ಏನು ಬೆರೆತರೂ ಇಂಜಿನ್ ಒಪ್ಪುವುದಿಲ್ಲ. ಮೊದಲು ದೀಪ ಹತ್ತಿಸಿ ಎಚ್ಚರಿಸುತ್ತದೆ. ಕೇಳದೆ ಓಡಿಸಿದರೆ ಕೊನೆಗೆ ಬಸ್ಸು ಮನುಷ್ಯ ನಡೆಯುವಷ್ಟೇ ವೇಗಕ್ಕೆ ಇಳಿದುಬಿಡುತ್ತದೆ. ಆ ಚಳಿಗಾಲ ಪಟ್ಟಣದ ಅಂಗಡಿಗಳಲ್ಲಿ ಯೂರಿಯಾ ಸಿಗುತ್ತಿರಲಿಲ್ಲ. ಬಸ್ಸಿನ ನೆರಳಿಗೆ ಇಟ್ಟಿದ್ದ ಒಬ್ಬಿಬ್ಬರ ಕ್ಯಾನುಗಳು ಮಾಯವೂ ಆಗಿದ್ದವು. ಹಾಲಿಸ್ ತನ್ನದನ್ನು ಎಲ್ಲಿಟ್ಟಿದ್ದಾನೆಂದು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಕೊಳೆ ನೀರಿನ ಟ್ಯಾಂಕು ಖಾಲಿ ಮಾಡಿಕೊಂಡು ಬರಲು ಹೊರಟು ಇಂಜಿನ್ ಚಾಲೂ ಮಾಡಿದ. ದೀಪ ಹತ್ತಿತು. ಯೂರಿಯಾ ಸರಿಯಿಲ್ಲ ಎಂದು ಬಸ್ಸು ಹೇಳುತ್ತಿದೆ. ಹಿಂದಿನ ವಾರವಷ್ಟೇ ತನ್ನ ಕೈಯಾರೆ ಟ್ಯಾಂಕು ತುಂಬಿಸಿದ್ದವನು ಅವನು. ಇಳಿದು ನೀಲಿ ಮುಚ್ಚಳ ನೋಡಿದರೆ ಬಾಯಿಯ ಸುತ್ತ ಬಿಳಿ ಪುಡಿ ಕಟ್ಟಿದೆ. ಕೆಳಗೆ ಮರಳಿನಲ್ಲಿ ಏಣಿಯ ಎರಡು ಕಾಲು ಊರಿದ ಗುರುತು.

ಏಣಿ ಟ್ವೈಲಾಳದು.

ಟ್ವೈಲಾ ಹಳೆಯ ವ್ಯಾನಿನಲ್ಲಿ ಬಾಳುವ ಒಂಟಿ ಹೆಂಗಸು. ಬಸ್ಸುಗಳ ಪಕ್ಕಕ್ಕೆ ಚಾಚುವ ನೆರಳುಬಟ್ಟೆಗಳು ಗಾಳಿಗೆ ಹರಿದರೆ ಹೊಲಿದು ಕೊಡುವುದೇ ಅವಳ ಜೀವನ. ಆ ವಾರವೇ ಹಾಲಿಸ್ ಯಾರದೋ ಗಾಡಿಯಲ್ಲಿ ಪಟ್ಟಣಕ್ಕೆ ಹೋಗಿದ್ದಾಗ, ಬಸ್ಸಿಗೆ ಏಣಿ ಒರಗಿಸಿ ಅವನದನ್ನೂ ಹೊಲಿದಿದ್ದಳು. ಹೊಲಿಯಲು ಹೇಳಿದ್ದವನು ಅವನೇ. ಬಂದು ನೋಡಿ, ಹೊಲಿಗೆ ಹಾವು ಹರಿದ ಹಾಗಿದೆ ಎಂದು ಎಲ್ಲರೆದುರು ಆಡಿದ್ದ. ಅವಳೂ ಬಿಟ್ಟಿರಲಿಲ್ಲ, ಹಾವನ್ನು ಕಂಡವನಿಗೆ ಹಗ್ಗವೂ ಹಾವೇ ಅಂದಿದ್ದಳು.

ನಮ್ಮಲ್ಲಿ ಬೆಳಿಗ್ಗೆ ಅವರವರ ಕುರ್ಚಿ, ಅವರವರ ಲೋಟ ತಂದು ಬೆಂಕಿಗುಂಡಿಯ ಸುತ್ತ ಕೂರುತ್ತೇವೆ. ಬಿಡಾರದ ನ್ಯಾಯವೂ ಅಲ್ಲೇ. ಹಾಲಿಸ್ ಲೋಟ ತರಲಿಲ್ಲ, ಬಂದು ನಿಂತೇ ಹೇಳಿದ. ಟ್ಯಾಂಕಿಗೆ ಏನೋ ಬೆರೆಸಿದ್ದಾರೆ, ಉಪ್ಪೋ ಸುಣ್ಣವೋ ಗೊತ್ತಿಲ್ಲ, ಗುರುತು ಇದೆ, ಏಣಿ ಯಾರದೆಂದು ಎಲ್ಲರಿಗೂ ಗೊತ್ತು ಎಂದ.

ಟ್ವೈಲಾ ಸೂಜಿಗೆ ದಾರ ಪೋಣಿಸುತ್ತಿದ್ದವಳು ಪೋಣಿಸಿ ಮುಗಿಸಿದಳು. "ನಿನ್ನ ಬಸ್ಸಿನ ಹೊಟ್ಟೆಗೆ ಏನು ಹಾಕ್ತಾರೆ ಅಂತಲೂ ನಂಗೆ ಗೊತ್ತಿಲ್ಲ ಕಣಯ್ಯಾ. ನನ್ನ ವ್ಯಾನು ನನ್ನಷ್ಟೇ ಹಳೇದು, ಅದಕ್ಕೆ ಪೆಟ್ರೋಲ್ ಸಾಕು."

"ಗೊತ್ತಿಲ್ಲದೋರೇ ಹಾಕೋದು" ಎಂದ ಹಾಲಿಸ್.

ಬಿಡಾರ ನೋಡಿಕೊಳ್ಳುವ ಗಾರ್ಲಂಡ್ ತಲೆ ಕೆರೆದುಕೊಂಡ. ಇನ್ನೊಬ್ಬರ ಗಾಡಿಯ ಮುಚ್ಚಳಕ್ಕೆ ಕೈ ಹಾಕಿದವರು ಬಿಡಾರ ಬಿಡಬೇಕು, ಇದು ನಮ್ಮಲ್ಲಿ ಮೊದಲಿನಿಂದ ಬಂದ ಮಾತು. ನಾಳೆ ಕಾಫಿಗೆ ತೀರ್ಮಾನ ಮಾಡೋಣ ಎಂದು ಎದ್ದ. ಟ್ವೈಲಾಳಿಗೆ ಅದು ಬರೀ ಜಾಗದ ಮಾತಲ್ಲ. ಇಲ್ಲಿಂದ ಓಡಿಸಿದರೆ ಆ ಕೆಟ್ಟ ಹೆಸರು ಅವಳಿಗಿಂತ ಮೊದಲು ಮುಂದಿನ ಬಿಡಾರ ಮುಟ್ಟುತ್ತದೆ. ಆಮೇಲೆ ಅವಳ ಏಣಿಯನ್ನು ಯಾರು ತಮ್ಮ ಬಸ್ಸಿಗೆ ಒರಗಿಸಗೊಡುತ್ತಾರೆ?

ಆ ಒಂದು ಹಗಲಿನಲ್ಲಿ ಬಿಡಾರ ಬದಲಾದದ್ದನ್ನು ನೋಡಬೇಕಿತ್ತು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮುಚ್ಚಳ ತಿರುಗಿಸಿ ನೋಡುವವರೇ. ಹೊಲಿಯಲು ಕೊಟ್ಟಿದ್ದ ಇಬ್ಬರು ಬಂದು, ಈಗ ಅವಸರವಿಲ್ಲ ಬಿಡು ಎಂದು ಹರಿದ ಬಟ್ಟೆಯನ್ನೇ ಮಡಿಸಿಕೊಂಡು ಹೋದರು. ಗಾಳಿ ಬೀಸಿ ಯಾರದೋ ಬಾಗಿಲು ಬಡಿದರೂ ನಾಲ್ಕು ಕಿಟಕಿಯ ಪರದೆ ಸರಿಯುತ್ತಿತ್ತು. ನಾನೂ ನೀರಿನ ಕ್ಯಾನನ್ನು ಒಳಗೆ ತಂದಿಟ್ಟುಕೊಂಡೆ.

ಮಧ್ಯಾಹ್ನ ಹಾಲಿಸ್ ನನ್ನನ್ನು ಕರೆದ. ಮುಖ ಬಿಳಿಚಿತ್ತು. ನಾಯಿ ಪಿಕಲ್‌ಗೆಂದು ಹೊಸ ಕ್ಯಾನು ತೆರೆದು ತಟ್ಟೆಗೆ ನೀರು ಹಾಕಿದ್ದಾನೆ. ಪಿಕಲ್ ಮೂಸಿ, ಮೂಗು ಒರೆಸಿಕೊಂಡು, ಬಸ್ಸಿನಡಿಗೆ ಹೋಗಿ ಮಲಗಿದೆ.

"ನೋಡು ಐಡಾ. ಈಗ ನಾಯಿ ನೀರಿಗೂ ಹಾಕಿದಾರೆ."

ವಾಸನೆ ನೋಡಿದೆಯಾ ಎಂದು ಕೇಳಿದೆ. ಡೀಸೆಲಿನ ನಡುವೆ ಬದುಕಿದ ಮೂಗು, ಅದು ಸತ್ತು ಬಹಳ ಕಾಲವಾಗಿದೆ ಎಂದ. ನಾನು ಮೂಸಿದೆ. ನೆಗಡಿ ಹಿಡಿದಿತ್ತು, ಏನೂ ತಿಳಿಯಲಿಲ್ಲ. ಗಾರ್ಲಂಡನಿಗೆ ಸಾಕ್ಷಿ ಬೇಕಲ್ಲ ಎಂದು ಹಾಲಿಸ್ ಆ ತಟ್ಟೆಯನ್ನು ಹೊರಗಿನ ಮೇಜಿನ ಮೇಲಿಟ್ಟು, ಯಾರೂ ಮುಟ್ಟದಂತೆ ತಂತಿಯ ಜರಡಿ ಮುಚ್ಚಿ, ಅದರ ಮೇಲೆ ಕಲ್ಲು ಹೇರಿದ. ಸಂಜೆಯವರೆಗೂ ಎದುರಿಗೇ ಕೂತು ಕಾದ. ಟ್ವೈಲಾ ವ್ಯಾನಿನಿಂದ ಇಳಿದರೆ ಅವನ ಕುತ್ತಿಗೆ ಅವಳ ಜೊತೆಗೇ ತಿರುಗುತ್ತಿತ್ತು.

ಬೆಳಿಗ್ಗೆ ಕಾಫಿಗೆ ಎಲ್ಲರೂ ಸೇರಿದಾಗ ಹಾಲಿಸ್ ಜರಡಿ ಸಮೇತ ತಟ್ಟೆ ಹೊತ್ತು ತಂದ. ಜರಡಿ ತೆಗೆದರೆ ತಟ್ಟೆಯಲ್ಲಿ ನೀರಿಲ್ಲ. ನಮ್ಮ ಒಣಗಾಳಿಯಲ್ಲಿ ನೀರು ನಿಲ್ಲುವುದೇ ಅಪರೂಪ. ಆದರೆ ತಳದಲ್ಲಿ ಬಿಳಿ ಸೂಜಿಗಳು ಒಂದಕ್ಕೊಂದು ಅಡ್ಡ ಬಿದ್ದು ಎದ್ದು ನಿಂತಿದ್ದವು. "ವಿಷ" ಎಂದ ಹಾಲಿಸ್. ಯಾರೋ ಕುರ್ಚಿ ಹಿಂದಕ್ಕೆ ಸರಿಸಿದರು. ಟ್ವೈಲಾಳ ಪಕ್ಕದ ಎರಡು ಕುರ್ಚಿಗಳು ಆಗಲೇ ಖಾಲಿ ಇದ್ದವು.

ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ನಮ್ಮ ಗಡಸು ನೀರು ಒಣಗಿದರೆ ಸುಣ್ಣ ಬಳಿದ ಹಾಗೆ ತೆಳು ಪೊರೆ ಬರುತ್ತದೆ, ಸೂಜಿ ಏಳುವುದಿಲ್ಲ. ಬೆರಳು ಒದ್ದೆ ಮಾಡಿ ಮುಟ್ಟಿದೆ. ತಣ್ಣಗೆ ಕೊರೆದು, ಕರಗಿ ಹೋಯಿತು. ವರ್ನಾ ಇದ್ದಾಗ ನೀಲಿ ಮುಚ್ಚಳದ ಬಾಯಿಗೆ ಕಟ್ಟಿದ ಬಿಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ನಾನು ಎಷ್ಟೋ ಸಲ ಬಟ್ಟೆ ಹಿಂಡಿಕೊಟ್ಟಿದ್ದೇನೆ. ಚೆಲ್ಲಿದ ಯೂರಿಯಾ ಒಣಗಿದರೆ ಹೀಗೇ.

"ಹಾಲಿಸ್, ನಿನ್ನ ಯೂರಿಯಾ ಎಲ್ಲಿಟ್ಟಿದೀಯ?" ಎಂದೆ.

"ಅದ್ಯಾಕೆ ನಿಂಗೆ?"

"ಇವಳನ್ನ ಓಡಿಸೋಕೆ ಕೂತಿದೀವಲ್ಲ, ಅದಕ್ಕೆ."

ಅವನು ಎಲ್ಲರ ಮುಖವನ್ನೂ ಒಂದು ಸಲ ನೋಡಿದ. ಆ ಗುಟ್ಟು ಬಾಯಿಂದ ಬರಲು ಎಷ್ಟು ಹೊತ್ತಾಯಿತೆಂದರೆ ಗಾರ್ಲಂಡ್ ಅಷ್ಟರಲ್ಲಿ ಇನ್ನೊಂದು ಸಲ ಕಾಫಿ ಬಗ್ಗಿಸಿಕೊಂಡ. ಕೊನೆಗೆ ಹೇಳಿದ. ಅಂಗಡಿಯ ಕ್ಯಾನನ್ನು ಕಂಡರೆ ಕಳ್ಳನಿಗೆ ತಿಳಿಯುತ್ತದೆಂದು ಯೂರಿಯಾವನ್ನೆಲ್ಲ ನೀರಿನ ಕ್ಯಾನುಗಳಿಗೆ ತುಂಬಿಸಿ, ತಂಪಿರಲೆಂದು ಮಂಚದಡಿ ಇಟ್ಟಿದ್ದಾನೆ. ಕುಡಿಯುವ ನೀರಿನ ಕ್ಯಾನುಗಳೂ ಅಲ್ಲೇ. ಎಲ್ಲ ಒಂದೇ ತರಹ. ಹೆಸರು ಬರೆದರೆ ಗುಟ್ಟು ಹೊರಬೀಳುತ್ತದಲ್ಲ, ಹಿಡಿ ಗೋಡೆಯ ಕಡೆ ತಿರುಗಿದ್ದರೆ ಯೂರಿಯಾ, ಈ ಕಡೆ ತಿರುಗಿದ್ದರೆ ನೀರು.

ಆ ಕ್ಯಾನುಗಳನ್ನು ಯಾವಾಗಲಾದರೂ ಎಳೆದಿದ್ದೆಯಾ ಎಂದು ಗಾರ್ಲಂಡ್ ಕೇಳಿದ. ನೆರಳುಬಟ್ಟೆಯ ಕೋಲು ಮಂಚದಡಿ ಇತ್ತು, ಟ್ಯಾಂಕು ತುಂಬಿಸುವ ಮೊದಲು, ಟ್ವೈಲಾಳಿಗೆ ಕೊಡಲು ಎಲ್ಲ ಹೊರಗೆಳೆದು ಮತ್ತೆ ತಳ್ಳಿದೆ ಎಂದ ಹಾಲಿಸ್. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

ಟ್ಯಾಂಕಿಗೆ ನಮ್ಮ ಗಡಸು ನೀರು, ನಾಯಿಯ ತಟ್ಟೆಗೆ ಯೂರಿಯಾ. ಎರಡೂ ಅವನ ಕೈಯಿಂದಲೇ ಆದದ್ದು. ನೀಲಿ ಮುಚ್ಚಳದ ಬಿಳಿ ಪುಡಿ ಎಂದೋ ಚೆಲ್ಲಿದ್ದು ಒಣಗಿ ಕೂತದ್ದು. ವರ್ನಾ ಹೋದ ಮೇಲೆ ಅದನ್ನು ಒರೆಸುವವರಿರಲಿಲ್ಲ.

"ಒಳಗೆ ಯಾರಾದ್ರೂ ಬಂದು ತಿರುಗಿಸಿರಬಹುದು" ಎಂದ ಹಾಲಿಸ್, ಇನ್ನೂ ಬಿಡದೆ.

"ಎರಡು ಬೀಗ ತೆಗೆದು, ಕ್ಯಾನು ತಿರುಗಿಸಿ, ಮತ್ತೆ ಎರಡು ಬೀಗ ಹಾಕಿ ಹೋದ್ರಾ?" ಎಂದಳು ಟ್ವೈಲಾ. "ಅಂಥ ಕಳ್ಳ ಸಿಕ್ಕರೆ ನಂಗೂ ಹೇಳು, ನನ್ನ ವ್ಯಾನಿನ ಬಾಗಿಲು ಸರಿಯಾಗಿ ಮುಚ್ಚೋದಿಲ್ಲ."

ಯಾರೋ ನಕ್ಕರು. ಹಾಲಿಸ್ ನಗಲಿಲ್ಲ. ನಿಂತವನು ನಿಂತ ಹಾಗೆಯೇ, ನಾನು ಆಡಿದ್ದು ತಪ್ಪು, ಏಣಿ ಏಣಿಯ ಕೆಲಸವನ್ನಷ್ಟೇ ಮಾಡಿದೆ ಎಂದು ನೆಲ ನೋಡುತ್ತ ಹೇಳಿದ. ಅವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಗಾರ್ಲಂಡ್, ಟ್ವೈಲಾ ಎಲ್ಲಿದ್ದಾಳೋ ಅಲ್ಲೇ ಇರುತ್ತಾಳೆ ಎಂದು ಮಾತು ಮುಗಿಸಿದ. ಬಟ್ಟೆ ಮಡಿಸಿಕೊಂಡು ಹೋಗಿದ್ದ ಇಬ್ಬರು ಲೋಟದೊಳಗೆ ಮುಖ ಹುದುಗಿಸಿ ಕೂತಿದ್ದರು.

ಟ್ವೈಲಾ ಅಷ್ಟಕ್ಕೇ ಬಿಡಲಿಲ್ಲ. "ಆ ಕ್ಯಾನುಗಳ ಮೇಲೆ ಹೆಸರು ಬರೀಬೇಕು. ನಾನೇ ಬರೀತೀನಿ. ಇಲ್ಲದಿದ್ರೆ ನಾಳೆ ಮತ್ತೆ ನನ್ನ ಏಣಿಗೇ ಬರ್ತೀಯ."

ಹಾಲಿಸ್ ಹೋಗಿ ಎರಡು ಬೀಗವನ್ನೂ ತೆಗೆದ. ವರ್ನಾ ಹೋದ ಮೇಲೆ ಆ ಬಸ್ಸಿನೊಳಗೆ ಕಾಲಿಟ್ಟ ಮೊದಲನೆಯವರು ನಾನೂ ಟ್ವೈಲಾಳೂ. ಕ್ಯಾನುಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲ ಬಳಿ ಇಟ್ಟೆವು. ಹೆಸರು ಬರೆಯುವ ಮೊದಲು ಯಾವುದರಲ್ಲಿ ಏನಿದೆ ಎಂದು ತಿಳಿಯಬೇಕಲ್ಲ. ನನ್ನ ಮೂಗಿನ ಮೇಲೂ ಅವನಿಗೆ ನಂಬಿಕೆಯಿಲ್ಲ. ಕಪ್ಪು ಬಾಣಲೆಯನ್ನು ಬಿಸಿಲಿಗಿಟ್ಟು ಒಂದೊಂದು ಕ್ಯಾನಿನಿಂದ ಒಂದೊಂದು ಹನಿಯನ್ನು ದೂರ ದೂರ ಬಿಟ್ಟ. ಒಣಗಲಿ, ಸೂಜಿ ಎದ್ದರೆ ಯೂರಿಯಾ, ಪೊರೆ ಕಟ್ಟಿದರೆ ನೀರು ಎಂದ. ಯೂರಿಯಾ ಟ್ಯಾಂಕು ಖಾಲಿ ಮಾಡುವ ಮೆಕ್ಯಾನಿಕ್ ಪಟ್ಟಣದಿಂದ ಬರುವುದು ಮಧ್ಯಾಹ್ನ, ಅಲ್ಲಿಯವರೆಗೆ ಬೇರೆ ಕೆಲಸವೂ ಇರಲಿಲ್ಲ.

ಟ್ವೈಲಾ ಬಟ್ಟೆಗೆ ಗೆರೆ ಎಳೆಯುವ ಬಣ್ಣದ ಕಡ್ಡಿ ಹಿಡಿದು ಬಾಣಲೆಯ ಒಂದು ಬದಿ ಕೂತಳು. ಹಾಲಿಸ್ ಇನ್ನೊಂದು ಬದಿ ಕೂತ. ಹನಿಗಳನ್ನು ಒಂದು ಕಣ್ಣಿನಲ್ಲಿ ನೋಡುತ್ತಿದ್ದ, ಅವಳ ಕೈಯನ್ನು ಇನ್ನೊಂದರಲ್ಲಿ.