ಬಂಬಿನ ಕೌದಿ

ಗಜೇಂದ್ರಗಡದ ನಮ್ಮ ಮನೆಗೆ ಆ ವರ್ಷ ದೀಪಾವಳಿ ಮುಗಿದ ಮೇಲೆ ತಾಮ್ರದ ಬಂಬು ಬಂತು. ನೀರು ಕಾಯಿಸುವ ಎತ್ತರದ ಪಾತ್ರೆ ಅದು. ನಡುವೆ ಒಂದು ಕೊಳವೆ, ಕೊಳವೆಯಲ್ಲಿ ಬೆಂಕಿ, ಸುತ್ತ ನೀರು, ಪಕ್ಕಕ್ಕೊಂದು ನಲ್ಲಿ. ಬಚ್ಚಲ ಒಲೆಯ ಹಂಡೆಯಿಂದ ನೀರು ತೋಡಿ ಮಿಂದು ಬೆಳೆದ ನನಗೆ, ನಲ್ಲಿ ತಿರುವಿದರೆ ಬಿಸಿನೀರು ಬರುವುದೇ ಒಂದು ಜಂಬ. ಆದರೆ ಅಪ್ಪ ಅದನ್ನು ತಂದದ್ದು ನನಗಾಗಿ ಅಲ್ಲ. ನರಗುಂದಕ್ಕೆ ಕೊಟ್ಟ ನನ್ನ ಅಕ್ಕ ಬಸುರಿಯಾಗಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಬಾಣಂತಿಗೆ ಎರಡು ಹೊತ್ತೂ ಸುಡುಸುಡು ನೀರು ಹಾಕಬೇಕು.

ಬಂಬೇನೋ ಬಂತು, ಆದರೆ ಚಳಿಯೂ ಬಂತು. ಬೆಳಿಗ್ಗೆ ಕಾಯಿಸಿದ ನೀರು ಸಂಜೆಗೆ ಆರಿ ಹೋಗುತ್ತಿತ್ತು. ಅಪ್ಪ ದಿನಾ ಸಂಜೆ ಅಂಗಡಿಯಿಂದ ಬಂದು ಮುಖ ತೊಳೆಯುವಾಗ ಗೊಣಗುತ್ತಿದ್ದ. ಅವನೇ ಒಮ್ಮೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದ. ಅವ್ವ ಅದನ್ನು ನೋಡಿ ನಕ್ಕುಬಿಟ್ಟಳು. "ಹಿಂಗ ಕಟ್ಟಿದ್ರ ಸಂತಿಗೆ ಹೊಂಟಂಗ ಕಾಣತೈತ್ರಿ. ನಾ ಕೌದಿ ಹೊಲೀತೀನಿ."

ಅಪ್ಪನ ಹಳೆಯ ಧೋತರ, ನನ್ನ ಹರಿದ ಲಂಗ, ತನ್ನ ಬಣ್ಣಗೆಟ್ಟ ಇಳಕಲ್ ಸೀರೆ ಎಲ್ಲವನ್ನೂ ಒಂದರ ಮೇಲೊಂದು ಹಾಸಿ ಅವ್ವ ಹೊಲಿದಳು. ನಲ್ಲಿಗೆ ಕಿಂಡಿ ಬಿಟ್ಟಳು, ಬೆಂಕಿಯ ಬಾಯಿಗೆ ತಾಗದಂತೆ ಅಂಚನ್ನು ಮೇಲೇ ನಿಲ್ಲಿಸಿದಳು. ಕೌದಿ ಹೊದ್ದ ಬಂಬು ಬಚ್ಚಲಲ್ಲಿ ಯಾರೋ ಸೋದರತ್ತೆ ಮುನಿಸಿಕೊಂಡು ಕೂತಂತೆ ಕಾಣುತ್ತಿತ್ತು. ಅಕ್ಕನ ಹಳೆಯ ಮೆತ್ತನೆಯ ಸೀರೆಗಳನ್ನು ಮಾತ್ರ ಅವ್ವ ಬಂಬಿಗೆ ಕೊಡಲಿಲ್ಲ. ಅವುಗಳಿಂದ ಕೂಸಿಗೆಂದು ಒಂದು ಪುಟ್ಟ ಕೌದಿ ಹೊಲಿದು, ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟಳು. ತೊಟ್ಟಿಲ ದಿನ ಆ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟು ಮುಚ್ಚುವುದು ಅವಳ ತವರಿನ ಪದ್ಧತಿ.

ಅಕ್ಕನನ್ನು ಏಳನೇ ತಿಂಗಳಲ್ಲೇ ಕರೆತರಬಹುದಿತ್ತು. ದೀಪಾವಳಿ ಮುಗಿಯಲಿ ಎಂದು ಬೀಗರು ತಡೆದರು. ಹಬ್ಬ ಮುಗಿಯುವಷ್ಟರಲ್ಲಿ ಎಂಟು ಬಿತ್ತು. ಎಂಟರಲ್ಲಿ ಬಸುರಿ ಊರು ದಾಟಬಾರದೆಂದು ಅವ್ವ ಕೂತುಬಿಟ್ಟಳು. ಕಾಲು ಬಾತಿವೆ, ಲಗೂ ಕರೆದುಕೊಂಡು ಹೋಗಿರೆಂದು ಅಕ್ಕ ಹೇಳಿಕಳಿಸಿದಾಗ ಅವ್ವ ಅತ್ತಳೇ ಹೊರತು ಜಗ್ಗಲಿಲ್ಲ.

"ಬಸ್ಸಿಗೇನು ಏಳು ಎಂಟು ಗೊತ್ತಾಗತೈತೇನಬೇ?" ಎಂದೆ ನಾನು.

"ಬಾಯಿ ಮುಚ್ಚು. ರೋಣದಾಗ ಬಸ್ ಬದಲಿ ಮಾಡಬೇಕು, ಹಾದಿ ತುಂಬ ತಗ್ಗು. ಕೂಸಿಗೆ ಏನರ ಆದ್ರ? ಒಂಬತ್ತು ಬೀಳಲಿ, ಮರುದಿನಾನ ಹೋಗೂಣು."

ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಹೆಂಗಸರ ಶಾಸ್ತ್ರವೆಂದರೆ ಅವನಿಗೆ ಹಾಗೇ, ದೂರದಿಂದಲೇ ನಮಸ್ಕಾರ.

ಒಂಬತ್ತು ಬೀಳಲಿಲ್ಲ. ಎಂಟರಲ್ಲೇ ಅಕ್ಕನಿಗೆ ನರಗುಂದದಲ್ಲಿ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ. ತವರಿಗೆ ಬಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರು ಬಲ್ಲರು. ಆದರೂ ಆ ಶಾಸ್ತ್ರದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವ್ವನ ಮೇಲೆ ಸಿಟ್ಟಾಗಲು ಹೋದರೆ ಮಾತ್ರ ಕರುಳು ಚುರ್ರೆನ್ನುತ್ತದೆ. ಕೂಸಿಗೆ ಕೇಡಾಗಬಾರದೆಂದೇ ಅವಳು ತಡೆದದ್ದು.

ಅಕ್ಕ ಬರಿಗೈಯಲ್ಲಿ ಬಂದಳು. ಬಾಣಂತಿ ಬಾಣಂತಿಯೇ ಎಂದು ಅವ್ವ ಎಣ್ಣೆ ತಿಕ್ಕಿ ಎರಡೂ ಹೊತ್ತು ನೀರು ಹಾಕಿದಳು. ಬೆಳಗಿನ ನೀರು ಸುಡುತ್ತಿತ್ತು, ಸಂಜೆಯದು ಅಷ್ಟಕ್ಕಷ್ಟೇ. ಮತ್ತೆ ಸಗಣಿಯ ಕುಳ್ಳು ಹಾಕಿ ಬೆಂಕಿ ಹಚ್ಚಬೇಕಾಗುತ್ತಿತ್ತು. ಅಕ್ಕ ಹಗಲೆಲ್ಲ ಬಂಬಿನ ಬೆಚ್ಚಗಿನ ಕೌದಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಎದ್ದು, ಕೆಂಡವೆಲ್ಲ ಬೂದಿಯಾದದ್ದನ್ನು ನೋಡಿ ಕೊಳವೆಯ ಮೇಲಿನ ಬಾಯಿಗೆ ತಾಟು ಮುಚ್ಚಿದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಪುಟ್ಟ ಕೌದಿ ತಂದು, ಮಡಿಸಿ ತಾಟಿನ ಮೇಲಿಟ್ಟಳು.

"ಅದು ಬ್ಯಾಡ ನನ್ನವ್ವಾ," ಎಂದಳು ಅವ್ವ. "ಬ್ಯಾರೆ ಅರಿವಿ ಕೊಡ್ತೀನಿ."

"ಕಾವೆಲ್ಲಾ ನಡುವಿನ ಕೊಳವ್ಯಾಗಿಂದ ಹೋಗಾಕತ್ತೈತಿ. ಸುತ್ತಲೂ ಎಷ್ಟು ಹೊಚ್ಚಿದ್ರೇನು?" ಎಂದು ಅಕ್ಕ ಕೌದಿಯ ಅಂಚನ್ನು ಒಳಗೆ ಸಿಕ್ಕಿಸಿದಳು, ಕೂಸಿಗೆ ಹೊದಿಸಿದ ಹಾಗೇ. "ಪೆಟಗ್ಯಾಗ ಸುಮ್ನ ಬಿದ್ದು ಏನು ಮಾಡತೈತಿ ಇದು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಸಂಜೆ ಅಪ್ಪ ಬಂದ. ನಲ್ಲಿ ತಿರುವಿ ಕೈ ಒಡ್ಡಿದವನು ಚಟ್ಟನೆ ಹಿಂದೆಳೆದುಕೊಂಡ. "ಅಬಾಬಾ, ಇದಪ್ಪಾ ನೀರು!" ಎಂದು ಖುಷಿಯಿಂದ ಕೂಗಿದ. "ಈಗ ಬರೋಬ್ಬರಿ ಆತು ನೋಡ್ರಿ. ಏನು ಮಾಡಿದ್ರಿ?"

ಅಪ್ಪ ನಗುತ್ತಲೇ ತಲೆಯೆತ್ತಿ ಬಂಬಿನ ಮೇಲೆ ನೋಡಿದ. ಕೌದಿಯ ಹೊಲಿಯದ ಮೂಲೆ ಅವನ ಕಡೆಗೇ ಇತ್ತು. ಅವನು ನಲ್ಲಿ ಬಂದ್ ಮಾಡಿ, ಮುಖ ತೊಳೆಯದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.