ಶಂಭು ಗುಡಿಗಾರ ಕೆತ್ತಿದ ಕಂಪನಿ ಕುದುರೆ

ಸಾಗರದಲ್ಲಿ ನನ್ನ ಪಕ್ಕದ ಮನೆಯ ಶಂಭು ಗುಡಿಗಾರನ ಕೈ ಬಂಗಾರ. ಬಾಯಿಗೆ ಮಾತ್ರ ಬಾಗಿಲಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನಮ್ಮ ಕಡೆಯ ಗೌಡರುಗಳಿಗೆ ಒಂದು ಹುಚ್ಚು ಹಿಡಿಯಿತು. ಅಜ್ಜನ ಕಾಲದ ರಿವಾಲ್ವರಿನ ಕರಿ ರಬ್ಬರ್ ಹಿಡಿ ಕಿತ್ತು, ಶಂಭು ಕೆತ್ತಿದ ಗಂಧದ ಹಿಡಿ ಹಾಕಿಸುವುದು. ಒಬ್ಬರಿಗಂತೂ ಗಜಲಕ್ಷ್ಮಿಯೇ ಬೇಕು! ಆಮೇಲೆ ಲಕ್ಷ್ಮಿಯನ್ನು ಮೈಲಿಗೆ ಕೈಯಲ್ಲಿ ಹಿಡಿಯುವುದು ಹೇಗೆಂದು ಆ ಮಹಾರಾಯರು ರಿವಾಲ್ವರನ್ನು ದೇವರ ಕೋಣೆಯಲ್ಲೇ ಇಟ್ಟರು. ಕಿತ್ತ ಹಿಡಿಗಳನ್ನು ಶಂಭು ಬಚ್ಚಲೊಲೆಗೆ ಹಾಕುತ್ತಿದ್ದ. ಬೀದಿಯೆಲ್ಲ ಗಬ್ಬು ನಾತ. ನಾನು ಜಗಳವಾಡಿ ಸೋತೆ.

ಐದಾರು ವರ್ಷಕ್ಕೆ ಗಾಳಿ ತಿರುಗಿತು. ಕಾರ್ಗಲ್ಲಿನ ಇಂಜಿನಿಯರ್ ಸುಂದರೇಶ ಹಳೆಯ ರಿವಾಲ್ವರ್ ಸಂಗ್ರಹಿಸುವವರು. ಕಂಪನಿಯ ಒರಿಜಿನಲ್ ಹಿಡಿ ಇಲ್ಲದಿದ್ದರೆ ಮುಟ್ಟುವುದೇ ಇಲ್ಲವಂತೆ. ಲೈಸೆನ್ಸಿಗೆಂದು ಶಿವಮೊಗ್ಗಕ್ಕೆ ಅಲೆದು ಬೇಸತ್ತು, ರಿವಾಲ್ವರನ್ನು ಅವರಿಗೆ ಮಾರಲು ಹೊರಟಿದ್ದ ತೀರ್ಥಹಳ್ಳಿ ಕಡೆಯ ವಾಸಪ್ಪಗೌಡರು ಶಂಭುವಿನ ಮನೆಗೆ ನುಗ್ಗಿದರು.

“ನನ್ನ ಹಳೇ ಹಿಡಿ ಎಲ್ಲೋ?”

“ನೀರು ಕಾಯ್ಸಿದೆ ಗೌಡ್ರೇ.”

ಕೊನೆಗೆ ಒಪ್ಪಂದವಾಯಿತು. ಶಂಭು ಎಮ್ಮೆ ಕೊಂಬಿನಲ್ಲಿ ಅಂಥದೇ ಕರಿ ಹಿಡಿ ಮಾಡಿಕೊಡಬೇಕು, ಮಾಡಿದ್ದು ತಾನೆಂದು ಬಾಯಿ ಬಿಡಬಾರದು. ಮಾದರಿಗೆ ಸಿಕ್ಕ ಇನ್ನೊಂದು ಹಿಡಿಯಲ್ಲಿ ಕಂಪನಿಯ ಕುದುರೆ ಮುದ್ರೆ ಸವೆದು, ಕುದುರೆಗೆ ಕಣ್ಣೇ ಇರಲಿಲ್ಲ. “ಕಣ್ಣಿಲ್ದ ಪ್ರಾಣೀನ ಮನೆಯಿಂದ ಆಚೆ ಕಳ್ಸಕ್ಕಾಗಲ್ಲ” ಎಂದ ಶಂಭು. ದೇವರ ವಿಗ್ರಹಕ್ಕೆ ಮಾಡುವಂತೆಯೇ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಹೊಸ ಹಿಡಿಯಲ್ಲಿ ಕೆತ್ತಿದ ಕುದುರೆಯ ಕಣ್ಣು ತೆರೆಸಿದ. ರಿವಾಲ್ವರಿನ ಕುದುರೆಗೆ! ನಾನು ಹಣೆ ಚಚ್ಚಿಕೊಂಡೆ.

ಭಾನುವಾರ ಇಂಜಿನಿಯರು ಗೌಡರ ಜಗಲಿಯಲ್ಲಿ ಭೂತಗನ್ನಡಿ ಹಿಡಿದು ಕೂತರು. ಸ್ಕ್ರೂ ಸಡಿಲವಾದರೆ ಬಿಗಿಯಲು ಗೌಡರು ಶಂಭುವನ್ನು ಕರೆಸಿದ್ದರು, ಅವನ ಬಾಯಿ ಸಡಿಲವಾದರೆ ಬಿಗಿಯಲು ನನ್ನನ್ನು.

“ಆಹಾ, ಈ ಕಣ್ಣು ನೋಡಿ!” ಎಂದರು ಇಂಜಿನಿಯರು. “ವಿಲಾಯಿತಿ ಕೈ ಅಂದ್ರೆ ಇದು. ನಮ್ಮ ಸಾಗರದೋರು ಜನ್ಮಪೂರ್ತಿ ಕೂತ್ರೂ ಇಂಥದ್ದು ಬರಲ್ಲ.”

ಶಂಭುವಿನ ಕಿವಿ ಕೆಂಪಾಯಿತು. ನಾನು ಅವನ ತೊಡೆ ಚಿವುಟಿದೆ. ಗೌಡರು ಕಣ್ಣು ಬಿಟ್ಟರು.

“ಸೋಮವಾರ ಬೆಳಿಗ್ಗೆ ಆ ಕಣ್ಣು ತೆರ್ಸಿದ್ದು ನಾನು ಸ್ವಾಮೀ!”

ಇಂಜಿನಿಯರು ಕಾಫಿಯನ್ನೂ ಕುಡಿಯದೆ ಜೀಪು ಹತ್ತಿದರು.

“ಒಂದು ಗಳಿಗೆ ಬಾಯಿ ಮುಚ್ಕಂಡಿರಕ್ಕೆ ಆಗ್ಲಿಲ್ವೇನೋ ನಿಂಗೆ?” ಗೌಡರು ಗುಡುಗಿದರು. ನನಗೂ ಎರಡು ಬಿಗಿಯಬೇಕು ಅನ್ನಿಸಿತ್ತು. ಆದರೆ ಅವನ ಮುಖ ನೋಡಿ ಎತ್ತಿದ ಕೈ ಇಳಿಸಿದೆ.

“ಹೆಂಗಿರ್ಲಿ ಗೌಡ್ರೇ?” ಎಂದ ಶಂಭು. “ಇಷ್ಟು ವರ್ಷದಾಗೆ ನನ್ನ ಕೆಲ್ಸಾನ ಗಾಜು ಹಿಡ್ದು ನೋಡ್ದೋರು ಇವ್ರೊಬ್ರೇ.”