ಮುಚ್ಚಳದ ಮೇಲಿನ ವಿಭೂತಿ

ನನ್ನ ಮಗಳು ವಿಜ್ಞಾನಿ ಆಗಿದ್ದಳು. ಯಾವ ವಿಜ್ಞಾನ ಅಂತ ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒಮ್ಮೆ ರೊಟ್ಟಿ ಬಡಿಯುವಾಗ ಅಕಿಯೇ ಮಗ್ಗುಲಲ್ಲಿ ಕುಂತು ತಿಳಿಸಿದ್ದಳು.

"ಯವ್ವಾ, ಮೈಯಾಗ ಕಾವಲು ಕಾಯೋರು ಇರ್ತಾರ. ಜ್ವರ ಬಂತಂದ್ರ ಬಡಿಗಿ ತಗೊಂಡು ಓಡಸ್ತಾರ. ಚಿಕುನ್‌ಗುನ್ಯಾ ಬಂದ ಕೆಲವು ಮಂದ್ಯಾಗ ಜ್ವರ ಹೋದ ಮ್ಯಾಲೂ ಅವರು ಬಡಿಗಿ ಕೆಳಗ ಇಡೂದಿಲ್ಲ. ಮನಿ ಮಂದಿನ್ನ ಬಡೀತಾರ. ಅದಕ್ಕ ತಿಂಗಳುಗಟ್ಲೆ ಕೀಲು ಹಿಡಿದಿರ್ತಾವು."

"ಥೇಟ್ ನಮ್ಮತ್ತಿ," ಅಂದೆ. ಅಕಿ ಕೆಮ್ಮು ಬರುವ ತನಕ ನಕ್ಕಳು.

ಕೆಲವರಿಗಷ್ಟೇ ಯಾಕೆ ಹಾಗಾಗುತ್ತದೆ ಎಂದು ಕಂಡುಹಿಡಿಯುವುದೇ ಅಕಿಯ ಜನ್ಮದ ಕೆಲಸವಾಗಿತ್ತು. ಅದಕ್ಕೆ ಜ್ವರದ ಮೊದಲ ದಿನಗಳಲ್ಲಿ ತೆಗೆದ ರಕ್ತವೇ ಬೇಕು. ಒಂದು ಮಳೆಗಾಲ ನನ್ನ ತವರೂರು ಮುಗದದಲ್ಲಿ ಮನೆಮನೆಗೂ ಆ ಜ್ವರ ಬಂತು. ಅಕಿ ಸೂಜಿ ಹಿಡಿದು ಹೋದರೆ ಹೆಂಗಸರು ಬಾಗಿಲು ಹಾಕಿಕೊಂಡರು. ಆಗ ಅಕಿಯ ಜೋಡಿ ನಾನು ಹೋದೆ. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಕಂಬಳಿ ಹೊದ್ದು ನರಳುತ್ತಿದ್ದಳು.

"ನಾಕು ರೊಟ್ಟಿ ತಿಂದ್ರ ಒಂದು ಹನಿ ರಕ್ತ ಆಗ್ತೇತಿ. ಅದನ್ನೂ ನಿನ್ನ ಮಗಳಿಗೆ ಕೊಡ್ಲೇನು?" ಅಂದಳು.

"ಹೊಲದಾಗ ಪಾಲು ಕೇಳಾಕ ಬಂದಿಲ್ಲ ವೈನಿ, ಒಂದು ಶೀಸೆ ರಕ್ತ ಕೇಳಾಕ ಬಂದೇನಿ," ಅಂತ ಮೊದಲು ನನ್ನ ತೋಳು ಚಾಚಿದೆ. ನಾನು ಸಾಯಲಿಲ್ಲ ಅನ್ನುವುದನ್ನು ನೋಡಿ ವೈನಿ ಕೊಟ್ಟಳು. ವೈನಿ ಕೊಟ್ಟಳೆಂದು ಓಣಿಯೆಲ್ಲ ಕೊಟ್ಟಿತು.

ಅಷ್ಟರಲ್ಲಿ ಧಾರವಾಡದ ಅಕಿಯ ಪ್ರಯೋಗಶಾಲೆಯಲ್ಲಿ ಕರೆಂಟಿನ ರಿಪೇರಿ ಹಿಡಿದರು. ಒಂದು ದಿನದ ಮಟ್ಟಿಗೆ ಅಂತ ಶೀಸೆಗಳನ್ನೆಲ್ಲ ಡಬ್ಬಿಗೆ ತುಂಬಿ ಬೆಂಗೇರಿಯ ನಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟಳು. "ಯವ್ವಾ, ಇದನ್ನ ಮುಟ್ಟಬ್ಯಾಡ," ಅಂದು ಪಾಠ ಹೇಳಲು ಹೋದಳು.

ಅವತ್ತು ಶ್ರಾವಣ ಸೋಮವಾರ. ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ಅವರ ಪ್ರಸಾದದ ಹಾಲು, ಮೊಸರು ಅದೇ ಫ್ರಿಜ್ಜಿನಲ್ಲಿ, ಊರ ಹೆಂಗಸರ ರಕ್ತದ ಮಗ್ಗುಲಲ್ಲಿ. ನನ್ನ ಜೀವ ತಡೆಯಲಿಲ್ಲ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಕೈಯಿಂದಲೇ ಡಬ್ಬಿ ತೆಗೆದು ಬಚ್ಚಲಮನೆಯ ಮೂಲೆಯಲ್ಲಿಟ್ಟೆ. ಅಲ್ಲೇ ಪಕ್ಕದಲ್ಲಿ ನೀರೊಲೆ ಉರಿಯುತ್ತಿತ್ತು. ಪೂಜೆ ಮುಗಿದು, ಸ್ವಾಮಿಗಳು ಉಂಡು ಹೋಗುವ ತನಕ ಡಬ್ಬಿ ಅಲ್ಲೇ ಇತ್ತು. ಆಮೇಲೆ ಮುಟ್ಟಿದರೆ ಬೆಚ್ಚಗಿತ್ತು. ಹಾಲಿನ ಹಾಗೆ ಮತ್ತೆ ತಣ್ಣಗಾದರೆ ಆಯಿತು ಅಂದುಕೊಂಡು ಫ್ರಿಜ್ಜಿನಲ್ಲಿಟ್ಟೆ.

ಎಂಟು ದಿನದ ಮೇಲೆ ಊಟಕ್ಕೆ ಕುಂತ ಮಗಳು ತುತ್ತು ಎತ್ತಲಿಲ್ಲ.

"ಎಲ್ಲಾ ಕೆಟ್ಟು ಹೋತು ಯವ್ವಾ. ಒಂದ ಶೀಸೆನೂ ಉಳಿದಿಲ್ಲ."

"ಮತ್ತ ತಗೊಂಡರಾತು."

"ಅವರ ಜ್ವರ ಹೋತಲ್ಲ. ಈಗಿನ ರಕ್ತ ತಗೊಂಡು ಏನ ಮಾಡ್ಲಿ?" ಅಂದು ನನ್ನ ಮುಖ ನೋಡಿದಳು.

ನಾನು ಸಾರು ಬಡಿಸಿದೆ.

ಮತ್ತೆ ಅಂಥ ಜ್ವರ ಬರುವ ತನಕ ಕೆಲವು ಮಳೆಗಾಲ ಹೋದವು. ಅಷ್ಟರಲ್ಲಿ ದೂರದ ಯಾವುದೋ ದೇಶದವರು ಅದನ್ನೇ ಕಂಡುಹಿಡಿದು ಬರೆದರು. ಅಕಿಯದು ಎರಡನೆಯದಾಗಿ ಬಂತು. ಎರಡನೆಯವರಿಗೆ ಯಾರೂ ಹಾರ ಹಾಕುವುದಿಲ್ಲ. ಆದರೂ ಅಕಿ ಬಿಡಲಿಲ್ಲ. ಹುಡುಗ ಹುಡುಗಿಯರಿಗೆ ಕಲಿಸುತ್ತ, ಮುಗದದ ಅದೇ ಹೆಂಗಸರ ಕೀಲುಗಳನ್ನು ವರ್ಷ ವರ್ಷ ನೋಡಿ ಬರೆಯುತ್ತ ಹೋದಳು. ಹೇಳಿದರಾಯಿತು, ಹೇಳಿದರಾಯಿತು ಅಂತ ನಾನು ದಿನ ದೂಡಿದೆ. ಹೋದ ವರ್ಷ ತಲೆಯಲ್ಲಿ ನರ ಒಡೆದು, ಪಾಠ ಹೇಳುತ್ತಿದ್ದಲ್ಲೇ ಬಿದ್ದಳು. ಏಳಲಿಲ್ಲ.

ಮೊನ್ನೆ ಧಾರವಾಡದಲ್ಲಿ ಅಕಿಯ ನೆನಪಿಗೆ ಸಭೆ ಮಾಡಿದರು. ಮೊಮ್ಮಗಳು ನನ್ನನ್ನು ಕರೆದುಕೊಂಡು ಹೋದಳು. ಈ ಕೀಲುನೋವಿನ ಮೇಲೆ ಕೆಲಸ ಮಾಡುವವರು ಯಾವ ದೇಶದವರಿದ್ದರೂ ಅಕಿ ಬರೆದದ್ದನ್ನು ಓದದೆ ಮುಂದೆ ಹೋಗುವುದಿಲ್ಲವಂತೆ. ಮೊದಲು ಬರೆದವರು ಒಂದು ಸಲ ನೋಡಿ ಬಿಟ್ಟಿದ್ದರಂತೆ, ಅಕಿ ಬೆನ್ನು ಹತ್ತಿದ್ದಳಂತೆ.

ಕಡೆಗೆ ಅಕಿಯ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತಳು.

"ಮೇಡಂ ನಮಗ ಮೊದಲನೇ ದಿನಾನ ಹೇಳ್ತಿದ್ರು. ಸ್ಯಾಂಪಲ್ ಮನಿಗೆ ಒಯ್ಯಬ್ಯಾಡ್ರಿ, ಅದೂ ಪೂಜಿ ದಿನ. ನಾ ಒಯ್ದಿದ್ದೆ. ಮರುದಿನ ನೋಡಿದ್ರ ಡಬ್ಬಿ ಮುಚ್ಚಳದ ಮ್ಯಾಲೆ ಮೂರು ಬೆರಳಿನ ವಿಭೂತಿ. ಬೆರಳಿಂದು ತಪ್ಪಲ್ಲ, ಅಲ್ಲಿ ಇಟ್ಟ ನಂದ ತಪ್ಪು, ಅಂತ."

ಸಭೆಯೆಲ್ಲ ನಕ್ಕಿತು.

ಅಂದರೆ ಮರುದಿನದಿಂದಲೇ ನನ್ನ ಮಗಳಿಗೆ ಗೊತ್ತಿತ್ತು. ಊಟಕ್ಕೆ ಕುಂತು ನನ್ನ ಮುಖ ನೋಡಿದ್ದು, ನಾನಾಗಿಯೇ ಹೇಳಲಿ ಅಂತ. ನಾನು ಸಾರು ಬಡಿಸಿದ್ದೆ.

ಆ ಹುಡುಗಿ ಇಳಿದು ಬಂದು ನನ್ನ ಮಗ್ಗುಲಲ್ಲಿ ಕುಂತಳು. "ಆ ಬೆರಳು ಯಾರವು ಅಂತ ಮೇಡಂ ಕಡೀತನಕ ಹೇಳಲಿಲ್ಲ ನೋಡ್ರಿ, ಅಜ್ಜಿ."

"ನನ್ನವು," ಅಂದೆ.

ಈ ಹುಡುಗಿಗೆ ಹೇಳಿ ಏನು ಬಂತು? ಹೇಳಬೇಕಾದವಳು ಎದುರಿಗೆ ಫೋಟೋದಲ್ಲಿ ಹಾರ ಹಾಕಿಸಿಕೊಂಡು ಕುಂತಿದ್ದಳು.